ಖಾಲಿ ಬಿಟ್ಟ ಸಾಲು

ಟಾರ್ಬೆಲ್ ಮಿಲ್ಸ್
ಸೆಪ್ಟೆಂಬರ್ 9, 1974, ಸೋಮವಾರ

ಪ್ರಿಯ ಮಿಸೆಸ್ ಕೂನಿ,

ನೀವು ಗುರುವಾರದ ಬಸ್ಸಿಗೆ ಹೊರಟಿರಿ. ಶುಕ್ರವಾರವೇ ಟೌನ್ ಕ್ಲರ್ಕ್ ಥ್ರಾಲ್ ಬಂದು, ನವೆಂಬರ್ ಐದರ ಎಣಿಕೆಗೆ ನಿಮ್ಮ ಕುರ್ಚಿಯಲ್ಲಿ ಡೆನಿಸ್ ಫಾಲನ್ ಕೂರುತ್ತಾನೆ ಎಂದು ಹೇಳಿಹೋದರು. ಶಾಲೆಯಲ್ಲಿ ಗಣಿತ ಕಲಿಸುವ ಹುಡುಗ. ಡೆಮಾಕ್ರಟ್ ಪಟ್ಟಿಯಲ್ಲಿ ಹೆಸರಿದೆ, ಕೈಬರಹ ಚೆನ್ನಾಗಿದೆ. ಅದಕ್ಕಿಂತ ಹೆಚ್ಚು ಥ್ರಾಲ್‌ಗೆ ಬೇಕಿಲ್ಲ. ರಿಪಬ್ಲಿಕನ್ ಕುರ್ಚಿಯಲ್ಲಿ ಎಂದಿನಂತೆ ನಾನು. ಇಪ್ಪತ್ತೆರಡು ವರ್ಷ ನಿಮ್ಮ ಎದುರು ಕೂತು ಮತಪತ್ರ ಓದಿದ ಮೇಲೆ, ಬೇರೆಯವರ ಎದುರು ನನ್ನ ಗಂಟಲು ಹೇಗೆ ಕೇಳಿಸೀತೋ ತಿಳಿಯದು.

ನಿಮ್ಮ ತಂಗಿಯ ಸೊಂಟದ ಮೂಳೆ ಕೂಡಲು ಎಷ್ಟು ದಿನ ಬೇಕೆಂದು ವೈದ್ಯರು ಹೇಳಿದರೆ ತಿಳಿಸಿ.

ಸೇತುವೆಗೆ ಅಡ್ಡ ಬಡಿದ ಹಲಗೆಗಳು ಹಾಗೇ ಇವೆ. ನಡೆದು ದಾಟಬಹುದು, ಗಾಡಿ ದಾಟುವಂತಿಲ್ಲ. ಆಚೆ ದಡದ ಮಕ್ಕಳ ಶಾಲಾ ಬಸ್ಸು ಹನ್ನೊಂದು ಮೈಲಿ ಸುತ್ತಿ ಬರುತ್ತದೆ. ಶನಿವಾರ ರೈತಸಂಘದ ಹಾಲ್‌ನಲ್ಲಿ ಶಾಸಕ ಸ್ಥಾನದ ಇಬ್ಬರು ಅಭ್ಯರ್ಥಿಗಳ ಸಭೆ ಇತ್ತು. ನಮ್ಮ ವಿಟ್‌ಕಂಬ್ ಸೇತುವೆಯ ಬಗ್ಗೆ ಅಧ್ಯಯನ ಆಗಬೇಕು ಎಂದರು. ನಿಮ್ಮ ಡೆಲಾನಿ ಆಳವಾದ ಅಧ್ಯಯನ ಆಗಬೇಕು ಎಂದರು. ಹಾಲಿನ ಟ್ಯಾಂಕರ್ ಓಡಿಸುವ ಲೈಮನ್ ಸ್ಟ್ರೌಡ್ ಹಿಂದಿನ ಸಾಲಿನಲ್ಲಿ ಎದ್ದು ನಿಂತ.

"ಇಬ್ರೂ ನಡುದಾರಿ ನಡುದಾರಿ ಅಂತ ರಸ್ತೆ ಮಧ್ಯದಲ್ಲೇ ನಿಂತಿದೀರ ಸ್ವಾಮಿ," ಎಂದ. "ಸ್ವಲ್ಪ ಪಕ್ಕಕ್ಕೆ ಸರೀರಿ, ಮಕ್ಕಳ ಬಸ್ಸು ಹೋಗ್ಲಿ."

ಬಹಳ ನಗೆ. ಯಾರೋ, "ಅಷ್ಟಿದ್ರೆ ನೀನೇ ನಿಂತ್ಕೊಳ್ಳೋ ಲೈಮನ್!" ಎಂದು ಕೂಗಿದರು. ಅವನು ನಗಲಿಲ್ಲ. ಅದನ್ನು ಗಮನಿಸಿದೆ, ಅಷ್ಟೇ.

ನಿಮ್ಮ,
ಹೆಸ್ಟರ್ ಪೋಲಾರ್ಡ್


ಡುಲುತ್
ಸೆಪ್ಟೆಂಬರ್ 20, 1974

ಪ್ರಿಯ ಮಿಸೆಸ್ ಪೋಲಾರ್ಡ್,

ಮೂಳೆ ಕೂಡುತ್ತದೆ, ಆದರೆ ನೋರಾಳ ಬಾಯಿಗೆ ಏನೂ ಆಗಿಲ್ಲ. ಮಲಗಿದಲ್ಲಿಂದಲೇ ನನ್ನ ಅಡಿಗೆಗೆ ಹೆಸರಿಡುತ್ತಾಳೆ. "ಬ್ರಿಜಿಡ್, ಇದು ಸೂಪೋ, ಪಾತ್ರೆ ತೊಳೆದ ನೀರೋ? ನಿನ್ನ ಗಂಡ ಬೇಗ ಸತ್ತಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಬಿಡು." ವಸಂತದವರೆಗೆ ಇಲ್ಲೇ ಎಂದು ತೋರುತ್ತದೆ. ಕಿಟಕಿಯಿಂದ ಸರೋವರ ಕಾಣುತ್ತದೆ, ಅದಿರು ಹೊತ್ತ ಹಡಗುಗಳು ದಿನವಿಡೀ ಕೂಗುತ್ತವೆ.

ಲೈಮನ್ ನಿಜಕ್ಕೂ ನಿಲ್ಲುವನೇ? ಪಾಪ, ಒಳ್ಳೆಯ ಮನುಷ್ಯ. ಆದರೆ ನಮ್ಮ ಊರಿನಲ್ಲಿ ಪಕ್ಷವೆಂದರೆ ಚರ್ಚಿನ ಹಾಗೆ, ಹುಟ್ಟಿದಾಗಲೇ ನೀರು ಚಿಮುಕಿಸಿರುತ್ತಾರೆ. ನಾನು ಬೇರೆ ಕಡೆ ತಿರುಗಿದರೆ ನಮ್ಮಪ್ಪ ಸಮಾಧಿಯಿಂದ ಎದ್ದು ಬಂದಾರು. ನೀವಂತೂ ಕೇಳಲೇ ಬೇಡಿ. ನಿಮ್ಮ ಮನೆಯ ಬೆಕ್ಕೂ ರಿಪಬ್ಲಿಕನ್.

ಒಂದು ವಿಷಯ ನೆನಪಾಗಿ ನಗು ಬಂತು. ನಮ್ಮ ಎರಡು ಖಾಲಿಗಳು! ಪ್ರತಿ ಚುನಾವಣೆಯಲ್ಲೂ ಎರಡು ಮತಪತ್ರಗಳಲ್ಲಿ ಎಲ್ಲಕ್ಕೂ ಗುರುತು ಹಾಕಿ, ಶಾಸಕನ ಸಾಲನ್ನು ಮಾತ್ರ ಖಾಲಿ ಬಿಟ್ಟಿರುತ್ತಿದ್ದರಲ್ಲ. ನೀವು "ಖಾಲಿ, ಎರಡು" ಎಂದು ಓದುವುದು, ನಾನು ಗೆರೆ ಎಳೆಯುವುದು. ಅದರಲ್ಲಿ ಒಬ್ಬ ಗಿರಣಿಯ ಮುದುಕ ಹಾಬ್ಸ್ ಇರಬೇಕೆಂದು ನಿಮ್ಮ ಗುಮಾನಿ. ಹಾಬ್ಸ್ ಸತ್ತ ವರ್ಷವೂ ಎರಡೇ ಬಂದಾಗ ನಿಮ್ಮ ಮುಖ ನೋಡಬೇಕಿತ್ತು. ಈ ಸಲ ಅವರನ್ನು ಚೆನ್ನಾಗಿ ನೋಡಿಕೊಳ್ಳಿ.

ಅಂಚೆಯ ಮತಪತ್ರಕ್ಕೆ ಥ್ರಾಲ್‌ಗೆ ಬರೆದಿದ್ದೇನೆ.

ನಿಮ್ಮ,
ಬ್ರಿಜಿಡ್ ಕೂನಿ


ಟಾರ್ಬೆಲ್ ಮಿಲ್ಸ್
ಅಕ್ಟೋಬರ್ 11, 1974

ಪ್ರಿಯ ಮಿಸೆಸ್ ಕೂನಿ,

ಲೈಮನ್ ನಿಂತಿದ್ದಾನೆ. ಮತಪತ್ರದಲ್ಲಿ ಹೆಸರು ಅಚ್ಚಾಗಲು ನೂರೈವತ್ತು ಸಹಿಗಳನ್ನು ಬೇಸಿಗೆಯಲ್ಲೇ ಕೊಡಬೇಕಿತ್ತು. ಅದು ಮುಗಿದ ಮಾತು. ಆದ್ದರಿಂದ ಅಂಟುಚೀಟಿ. ಎರಡು ಅಚ್ಚಾದ ಹೆಸರುಗಳ ಕೆಳಗೆ ಖಾಲಿ ಗೆರೆ ಇರುತ್ತದಲ್ಲ, ಬೇಕಾದವರು ಅಲ್ಲಿ ಅವನ ಹೆಸರಿನ ಚೀಟಿಯನ್ನು ನಾಲಿಗೆಗೆ ತಾಗಿಸಿ ಅಂಟಿಸಬೇಕು. ಸಾವಿರದೈನೂರು ಚೀಟಿಗಳು ತಯಾರಾಗಿವೆಯಂತೆ. ಯಾರದೋ ಅಡಿಗೆಮನೆಯಲ್ಲಿ ಕತ್ತರಿಸುತ್ತಿದ್ದಾರಂತೆ. ನೋಡಿದೆ, ಅಳತೆ ಕರಾರುವಾಕ್ಕಾಗಿದೆ, ಮತಪತ್ರದ ಸಾಲಿಗೆ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ನನ್ನ ಅಭಿಪ್ರಾಯ ಏನೂ ಇಲ್ಲ. ಯಾವುದೇ ಅಭ್ಯರ್ಥಿಗೆ ಕೆಲಸ ಮಾಡಿದವರು ಎಣಿಕೆಯ ಮೇಜಿಗೆ ಕೂರುವಂತಿಲ್ಲ, ಎರಡು ಪಕ್ಷಗಳ ಪಟ್ಟಿಯ ಹೊರಗಿನವರಂತೂ ಕೂರುವಂತೆಯೇ ಇಲ್ಲ. ನಿಮಗೆ ಗೊತ್ತಿರುವುದೇ. ಆ ಕುರ್ಚಿ ನನಗೆ ಏನೆಂಬುದೂ ನಿಮಗೆ ಗೊತ್ತು. ನನ್ನ ಗಂಡ ಹೆರಾಲ್ಡ್ ತೀರಿಕೊಂಡ ವರ್ಷ ನಾನು ಮನೆಯಿಂದ ಹೊರಗೆ ಕಾಲಿಟ್ಟದ್ದು ಎಣಿಕೆಗೆಂದೇ.

ಆದ್ದರಿಂದ ಇದರೊಳಗೆ ನಿಮಗೆ ಏನನ್ನೂ ಇಟ್ಟು ಕಳಿಸುತ್ತಿಲ್ಲ. ಕಳಿಸುವುದು ಸರಿಯಲ್ಲ. ಕಾಗದದ ಮೂಲೆಯಲ್ಲಿ ಅಂಟಿನ ಗುರುತಿದ್ದರೆ ಕ್ಷಮಿಸಿ. ಸೇಬಿನ ಜಾಮ್ ಮಾಡುತ್ತಿದ್ದೆ.

ನಿಮ್ಮ,
ಹೆಸ್ಟರ್ ಪೋಲಾರ್ಡ್


ಟಾರ್ಬೆಲ್ ಮಿಲ್ಸ್
ನವೆಂಬರ್ 7, 1974

ಪ್ರಿಯ ಮಿಸೆಸ್ ಕೂನಿ,

ನೀವು ಪತ್ರಿಕೆಯಲ್ಲಿ ಓದುವ ಮೊದಲು ನಾನೇ ಬರೆಯುತ್ತಿದ್ದೇನೆ. ಕತ್ತರಿಸಿದ ತುಣುಕು ಜೊತೆಗಿದೆ.

ನದಿಯ ಎರಡೂ ದಡ ಸೇರಿ ವಿಟ್‌ಕಂಬ್ 386, ಲೈಮನ್ 357, ಡೆಲಾನಿ 349. ಇಪ್ಪತ್ತೊಂಬತ್ತರ ಅಂತರ.

ನಮ್ಮ ದಡದಲ್ಲಿ ನಲವತ್ತೊಂದು ಜನ ಅಂಟುಚೀಟಿಯನ್ನು ಖಾಲಿ ಗೆರೆಯಲ್ಲಿ ಅಂಟಿಸದೆ, ಅಚ್ಚಾದ ಹೆಸರಿನ ಮೇಲೆಯೇ ಅಂಟಿಸಿದ್ದರು. ಕೆಲವರು ವಿಟ್‌ಕಂಬ್ ಮೇಲೆ, ಕೆಲವರು ಡೆಲಾನಿ ಮೇಲೆ. ಅಚ್ಚಾದ ಹೆಸರಿನ ಮೇಲೆ ಏನಂಟಿಸಿದರೂ ಆ ಸಾಲು ಕೆಟ್ಟಿತು, ಯಾರ ಲೆಕ್ಕಕ್ಕೂ ಇಲ್ಲ, ಎಂಬುದು ನಮ್ಮ ಊರ ಪುಸ್ತಕದ ನಿಯಮ. ಮೇಜಿನ ಇಬ್ಬರೂ ಒಪ್ಪಿದರೆ ತೀರ್ಮಾನ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ ಮಾತ್ರ ಕ್ಲರ್ಕಿನವರೆಗೆ.

ಡೆನಿಸ್ ಮೊದಲನೆಯದನ್ನು ಎತ್ತಿ ಹಿಡಿದು, "ಇದೇನ್ರೀ ಮಿಸೆಸ್ ಪೋಲಾರ್ಡ್, ಇವ್ರು ಡೆಲಾನಿ ಬಾಯಿಗೆ ಬ್ಯಾಂಡೇಜ್ ಹಾಕಿದಾರೆ?" ಎಂದ. ಆಮೇಲೆ ಗಂಭೀರವಾಗಿ, "ನೀವು ಏನಂತೀರ?" ಎಂದು ಕೇಳಿದ.

ನಾನು "ಕೆಟ್ಟದ್ದು" ಎಂದೆ. ಅವನು ಒಪ್ಪಿದ. ನಲವತ್ತೊಂದು ಸಲ.

ಅದೇ ಸಾಲಿನಲ್ಲಿ ಖಾಲಿ: ಸೊನ್ನೆ.

ಬೇರೆ ವಿಶೇಷ ಇಲ್ಲ. ಮೊದಲ ಹಿಮ ಬಿತ್ತು.

ನಿಮ್ಮ,
ಹೆಸ್ಟರ್ ಪೋಲಾರ್ಡ್


ಡುಲುತ್
ನವೆಂಬರ್ 25, 1974

ಮಿಸೆಸ್ ಪೋಲಾರ್ಡ್ ಅವರಿಗೆ,

ಪತ್ರ, ತುಣುಕು ತಲುಪಿದವು.

ನಲವತ್ತೊಂದು ಜನ ಕೆಲಸ ಬಿಟ್ಟು ಬಂದು, ಸಾಲಿನಲ್ಲಿ ನಿಂತು, ಲೈಮನ್ ಸ್ಟ್ರೌಡ್‌ನ ಹೆಸರನ್ನು ನಾಲಿಗೆಗೆ ತಾಗಿಸಿ ಅಂಟಿಸಿದರು. ಅವರಿಗೆ ಯಾರು ಬೇಕಿತ್ತೆಂದು ಗಣಿತದ ಮೇಷ್ಟರಿಗೂ ನಿಮಗೂ ಅನುಮಾನವಿತ್ತೇ? ನಾನು ಎದುರಿಗಿದ್ದಿದ್ದರೆ ಒಪ್ಪುತ್ತಿರಲಿಲ್ಲ. ಕ್ಲರ್ಕಿನ ಮುಂದೆ ಹೋಗುತ್ತಿತ್ತು. ಆ ಹುಡುಗನಿಗೆ ಗೊತ್ತಾಗಲಿಲ್ಲ. ನಿಮಗೆ ಗೊತ್ತಿತ್ತು.

ಅಂತೂ ನಿಮ್ಮವರು ಗೆದ್ದರು. ಅಭಿನಂದನೆಗಳು. ಇನ್ನು ಆಳವಾದ ಅಧ್ಯಯನದ ಬದಲು ಬರೀ ಅಧ್ಯಯನ ಆಗುತ್ತದೆ.

ಬಿ. ಕೂನಿ


ಟಾರ್ಬೆಲ್ ಮಿಲ್ಸ್
ಡಿಸೆಂಬರ್ 2, 1974

ಪ್ರಿಯ ಮಿಸೆಸ್ ಕೂನಿ,

ನಿಯಮ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿದೆ. 1958ರಲ್ಲಿ ಇಂಥದೇ ಅಂಟುಚೀಟಿಯಿಂದಾದ ಕಾನ್‌ಸ್ಟೇಬಲ್ ಹುದ್ದೆಯ ಜಗಳದ ನಂತರ ಅದನ್ನು ಬರೆಸಿದವರು ನೀವು ಮತ್ತು ನಾನು. ಆ ಸಲ ಸೋತವನು ನಮ್ಮವನು, ಗೆದ್ದವನು ನಿಮ್ಮವನು. ಅಂದು ನೀವು ಹೇಳಿದ್ದು: "ಅವರ ಮನಸ್ಸಲ್ಲಿ ಏನಿತ್ತು ಅಂತ ನಾವು ಊಹೆ ಮಾಡೋಕೆ ಶುರು ಮಾಡಿದ್ರೆ, ಯಾವತ್ತೂ ನಮಗೆ ಬೇಕಾದ್ದನ್ನೇ ಊಹೆ ಮಾಡ್ತೀವಿ."

ಇದಕ್ಕಿಂತ ಹೆಚ್ಚು ನನಗೆ ಹೇಳಲಾಗದು.

ಸೇತುವೆಯ ಹಲಗೆಗಳ ಮೇಲೆ ಹಿಮ ಕೂತಿದೆ. ನಿಮ್ಮ ತಂಗಿಗೆ ನನ್ನ ಡೋನಟ್ ಮಾಡುವ ಬಗೆಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಹೆಸ್ಟರ್ ಪೋಲಾರ್ಡ್


ಡುಲುತ್
ಜನವರಿ 18, 1975

ಪ್ರಿಯ ಹೆಸ್ಟರ್,

ಕ್ರಿಸ್ಮಸ್‌ಗೆ ಬರೆಯಲಿಲ್ಲ. ಕಾರ್ಡು ಕೊಂಡಿದ್ದೆ, ವಿಳಾಸವನ್ನೂ ಬರೆದಿದ್ದೆ. ಮೊಂಡುತನ.

ನೋರಾ ಈಗ ಕೋಲು ಹಿಡಿದು ನಡೆಯುತ್ತಾಳೆ. ಮೊನ್ನೆ ನಿಮ್ಮ ತುಣುಕು ಅವಳ ಕೈಗೆ ಸಿಕ್ಕಿತು. ಬಾಯಿಬಿಟ್ಟು ಓದುತ್ತ ಓದುತ್ತ, "ಖಾಲಿ ಸೊನ್ನೆಯಂತೆ. ಅಂದ್ರೆ ಏನೇ ಬ್ರಿಜಿಡ್?" ಎಂದಳು.

"ಆ ಸಾಲನ್ನ ಯಾರೂ ಖಾಲಿ ಬಿಡ್ಲಿಲ್ಲ ಅಂತ," ಎಂದೆ.

"ಯಾವಾಗ್ಲೂ ಎರಡು ಇರುತ್ತೆ ಅಂತ ನೀನೇ ನಗ್ತಿದ್ದೆಯಲ್ಲ. ಎಲ್ಲಿ ಹೋದ್ರು ಇಬ್ರೂ?"

ನಾನು ಒಲೆಯ ಕಡೆ ತಿರುಗಿದೆ. ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ಯಾಕೆಂದರೆ ಇಪ್ಪತ್ತೆರಡು ವರ್ಷ ನಿಮ್ಮ ಎದುರಿಗೆ ಕೂತು ಹೇಳಲಿಲ್ಲ.

ಅವರಲ್ಲಿ ಒಬ್ಬಳು ನಾನು.

1952ರಲ್ಲಿ ಮೊದಲ ಸಲ ಹಾಗೆ ಬಿಟ್ಟೆ. ಗಿರಣಿ ಮುಚ್ಚುವ ಬಗ್ಗೆ ಇಬ್ಬರು ಅಭ್ಯರ್ಥಿಗಳೂ ಒಂದೇ ವಾಕ್ಯ ಹೇಳಿದ ವರ್ಷ. ನನ್ನ ಗಂಡನಿಗೆ ಕೆಲಸ ಹೋಯಿತು. ಅವನು ಕೊನೆಯವರೆಗೂ ನಮ್ಮವರಿಗೇ ಹಾಕಿದ. ಅವನ ಪಕ್ಕದ ಪರದೆಯ ಹಿಂದೆ ನಾನು ಎಲ್ಲವನ್ನೂ ತುಂಬಿ, ಆ ಒಂದು ಸಾಲನ್ನು ಹಾಗೇ ಬಿಟ್ಟು, ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ. ಬೇರೆಯವರಿಗೆ ಹಾಕಲು ಮನಸ್ಸು ಬರಲಿಲ್ಲ; ಅವರೂ ಅದನ್ನೇ ಹೇಳಿದ್ದರು. ಆಮೇಲೆ ಅದೇ ಅಭ್ಯಾಸವಾಯಿತು. ಅದು ಯಾರಿಗೂ ಕೇಳಿಸದ ಮಾತೆಂದು ಗೊತ್ತಿತ್ತು. ಆದರೂ ಪ್ರತಿಸಲ ನೀವು ಅದನ್ನು ಗಟ್ಟಿಯಾಗಿ ಓದುತ್ತಿದ್ದಿರಿ. "ಖಾಲಿ, ಎರಡು." ಅಷ್ಟಾದರೂ ಕೇಳಿಸುತ್ತಿತ್ತು. ಆ ಎರಡನೆಯವರು ಯಾರೇ ಆಗಲಿ, ಅವರ ಮೇಲೆ ನನಗೆ ಎಷ್ಟು ಪ್ರೀತಿ ಇತ್ತೆಂದರೆ, ಹಾಬ್ಸ್ ಸತ್ತಾಗ ಹೂ ಕಳಿಸಿದೆ.

ಈ ಸಲ ಅಂಚೆಯ ಮತಪತ್ರ ಬಂದಾಗ, ಖಾಲಿ ಗೆರೆಯಲ್ಲಿ ನೀಲಿ ಶಾಯಿಯಿಂದ ಲೈಮನ್ ಸ್ಟ್ರೌಡ್ ಎಂದು ಬರೆದೆ. ಅಪ್ಪ ಎದ್ದು ಬರಲಿಲ್ಲ.

ಈಗ ಹೊಳೆಯಿತು, ಆ ಹಾಳೆಯನ್ನು ನೀವೇ ಓದಿರಬೇಕು. ನನ್ನ ಅಕ್ಷರ ನಿಮಗೆ ಗೊತ್ತು. ಆದರೂ ನವೆಂಬರ್‌ನಲ್ಲಿ ನಾನು ಅಷ್ಟು ಬರೆದಾಗ ನೀವು ಅದನ್ನೆತ್ತಲಿಲ್ಲ. ನನಗೆ ನಾಚಿಕೆಯಾಗಿದೆ.

ಒಂದು ಪ್ರಶ್ನೆ. ನನ್ನದು ಒಂದು ಖಾಲಿ. ಇನ್ನೊಬ್ಬರು ಎಲ್ಲಿ ಹೋದರು?

ಬ್ರಿಜಿಡ್


ಟಾರ್ಬೆಲ್ ಮಿಲ್ಸ್
ಫೆಬ್ರುವರಿ 2, 1975

ಪ್ರಿಯ ಬ್ರಿಜಿಡ್,

ನಿಮ್ಮ ಪತ್ರವನ್ನು ಹತ್ತು ದಿನ ಗಡಿಯಾರದ ಹಿಂದೆ ಇಟ್ಟಿದ್ದೆ.

ಇನ್ನೊಬ್ಬಳು ನಾನು.

ನನ್ನದಕ್ಕೆ ನಿಮ್ಮ ಹಾಗೆ ಒಳ್ಳೆಯ ಕಾರಣವಿಲ್ಲ. ಹೆರಾಲ್ಡ್ ಊರಿನ ರಿಪಬ್ಲಿಕನ್ ಸಮಿತಿಯಲ್ಲಿದ್ದ. ಅಭ್ಯರ್ಥಿಯನ್ನು ಹೇಗೆ ಆರಿಸುತ್ತಾರೆಂದು ನಮ್ಮ ಊಟದ ಮೇಜಿನಲ್ಲೇ ಕೇಳಿದೆ. "ಯಾರಿಗೂ ಬೇಜಾರಾಗದಂಥವನು ಬೇಕು" ಎನ್ನುತ್ತಿದ್ದರು. ಆ ಕಡೆಯವರೂ ಅಂಥವನನ್ನೇ ಹುಡುಕುತ್ತಿದ್ದರು. ನನಗೆ ನಡುದಾರಿಯ ಮೇಲೆ ಕೋಪವಿಲ್ಲ, ನಾನೂ ಅಂಥವಳೇ. ಎರಡು ದಡವೂ ಕಾಣಲೆಂದು ನಡುವೆ ನಿಲ್ಲುವುದು ಬೇರೆ, ಯಾವ ದಡದ ಕೂಗೂ ಕೇಳಿಸದಿರಲೆಂದು ನಡುವೆ ನಿಲ್ಲುವುದು ಬೇರೆ. ಇದನ್ನು ಹೆರಾಲ್ಡ್‌ಗೆ ಹೇಳಲಿಲ್ಲ. ಒಂದು ಸಾಲನ್ನು ಖಾಲಿ ಬಿಟ್ಟೆ, ಮತ್ತು ಎಲ್ಲರ ಮುಂದೆ ಹಾಬ್ಸ್‌ನ ಮೇಲೆ ಹಾಕಿದೆ.

ನಿಮ್ಮ ನೀಲಿ ಶಾಯಿಯನ್ನು ನೋಡಿದೆ. ಆ "ಸ್ಟ್ರೌಡ್"ನ ಕೊನೆಯ ಬಾಲ. ಡೆನಿಸ್ "ಮುಂದಿನದು, ಮಿಸೆಸ್ ಪೋಲಾರ್ಡ್" ಎನ್ನುವವರೆಗೆ ಹಿಡಿದು ಕೂತಿದ್ದೆ. ಗುಟ್ಟಿನ ಮತ, ನಾನು ಹೇಗೆ ಎತ್ತಲಿ?

ಇನ್ನೂ ಇದೆ. ಅಂಟುಚೀಟಿಗಳನ್ನು ಕತ್ತರಿಸಿದವಳು ನಾನು. ನನ್ನ ಅಡಿಗೆಮನೆಯಲ್ಲಿ, ಪರದೆ ಎಳೆದು, ಹೆರಾಲ್ಡ್‌ನ ಸ್ಕೇಲು ಇಟ್ಟು. ಸೇಬಿನ ಜಾಮ್ ಕಳೆದ ವರ್ಷ ಮಾಡಲೇ ಇಲ್ಲ. ಚೀಟಿಯನ್ನು ಅಚ್ಚಾದ ಹೆಸರಿನ ಸಾಲಿನಷ್ಟೇ ಅಗಲ, ಅಷ್ಟೇ ಎತ್ತರ ಮಾಡಿದೆ. ಅಚ್ಚುಕಟ್ಟಾಗಿ ಕಾಣಲಿ ಎಂದು! ನಮ್ಮ ಜನ ನಿಮಗೆ ಗೊತ್ತಲ್ಲ. ಯಾವ ಮುಚ್ಚಳ ಯಾವ ಡಬ್ಬಿಗೆ ಸರಿಹೊಂದುತ್ತದೋ ಅದಕ್ಕೇ ಹಾಕುತ್ತಾರೆ. ಹೆಸರಿನಷ್ಟೇ ಅಳತೆಯ ಚೀಟಿ ಕೈಗೆ ಬಂದರೆ ಹೆಸರಿನ ಮೇಲೆಯೇ ಕೂರಿಸುತ್ತಾರೆ. 1958ರಲ್ಲಿ ಒಮ್ಮೆ ಇಂಥದ್ದನ್ನು ಕಂಡಿದ್ದ ನನಗೆ ಅದು ಹೊಳೆಯಬೇಕಿತ್ತು.

ಆಚೆ ದಡದಲ್ಲಿ ಒಂದೂ ಕೆಡಲಿಲ್ಲ. ಅಲ್ಲಿ ಲೈಮನ್ ಬೆಳಗಿನಿಂದ ಬಾಗಿಲ ಹೊರಗೆ ನಿಂತು, "ಕೆಳಗಡೆ, ಖಾಲಿ ಗೆರೆ ಮೇಲೆ" ಎಂದು ಒಬ್ಬೊಬ್ಬರಿಗೂ ತೋರಿಸಿದನಂತೆ. ನಮ್ಮ ದಡದಲ್ಲಿ ಬಾಗಿಲ ಹೊರಗೆ ಯಾರೂ ಇರಲಿಲ್ಲ. ನಿಲ್ಲಬೇಕಾಗಿದ್ದವಳು ಒಳಗೆ ಕುರ್ಚಿಯ ಮೇಲೆ ಕೂತಿದ್ದಳು. ಕೂರಬಾರದ ಕುರ್ಚಿ ಅದು. ಅಭ್ಯರ್ಥಿಗೆ ಕೆಲಸ ಮಾಡಿದವಳು ನಾನು. ಅದನ್ನು ಬಿಡಲಾರದೆ ಸುಳ್ಳು ಹೇಳಿದೆ, ಆಮೇಲೆ ಅದೇ ಕುರ್ಚಿಯಿಂದ ನನ್ನ ಕೈಯಿಂದಲೇ ಕತ್ತರಿಸಿದ ನಲವತ್ತೊಂದನ್ನು "ಕೆಟ್ಟದ್ದು" ಎಂದೆ. ಒಪ್ಪುವುದಿಲ್ಲ ಎಂದಿದ್ದರೆ ನನಗೆ ಬೇಕಾದ್ದನ್ನೇ ಊಹಿಸಿದ ಹಾಗಾಗುತ್ತಿತ್ತು.

ಇದನ್ನು ಥ್ರಾಲ್‌ಗೂ ಹೇಳಿದೆ, ಲೈಮನ್‌ಗೂ ಹೇಳಿದೆ, ನಿನ್ನೆ. ನಿಮಗೆ ಹೇಳುವುದೇ ಕಷ್ಟವಾಗಿತ್ತು.

ಹೆಸ್ಟರ್


ಡುಲುತ್
ಫೆಬ್ರುವರಿ 15, 1975

ಹೆಸ್ಟರ್,

ನಿನ್ನ ಪತ್ರವನ್ನು ನೋರಾಳಿಗೆ ಓದಿ ಹೇಳಿದೆ. ಅವಳು ಕೋಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕಳು. "ಇಪ್ಪತ್ತೆರಡು ವರ್ಷ! ಇಬ್ರು ಹೆಂಗಸ್ರು ಎದುರುಬದುರು ಕೂತು ತಮ್ಮ ಓಟನ್ನ ತಾವೇ ಎಣಿಸ್ಕೊಂಡು, ಸತ್ತವನ ಮೇಲೆ ಹಾಕ್ತಿದ್ರಾ! ಪಾಪ ಆ ಹಾಬ್ಸ್‌ನ ಹೆಂಡ್ತಿ ಹೂ ನೋಡಿ ಏನಂದ್ಕೊಂಡ್ಳೋ!"

ನಾನೂ ನಕ್ಕೆ. ಆಮೇಲೆ ಸ್ನಾನದ ಮನೆಗೆ ಹೋಗಿ ಸ್ವಲ್ಪ ಅತ್ತೆ. ಹುಚ್ಚಿ, ಒಂದು ಸಲ ಕಾಫಿ ಹೊತ್ತಿನಲ್ಲಿ ಬಾಯಿ ಬಿಟ್ಟಿದ್ದರೆ ನಾವು ಇಬ್ಬರಾಗುತ್ತಿದ್ದೆವು. ಇಬ್ಬರಿಂದ ಸಭೆ ಶುರುವಾಗುತ್ತದೆ.

ಹದಿನಾಲ್ಕನೆಯ ಪುಟದ ವಿಷಯದಲ್ಲಿ ನೀನೇ ಸರಿ. ಅಂದು ನಾನು ಅಷ್ಟು ಬುದ್ಧಿವಂತೆಯಾಗಿದ್ದೆ ಎಂಬುದೇ ಮರೆತಿತ್ತು.

ಸರೋವರದ ಮಂಜುಗಡ್ಡೆ ಒಡೆದು ಮೊದಲ ಹಡಗು ಹೊರಟಾಗ ನಾನೂ ಹೊರಡುತ್ತೇನೆ. ಏಪ್ರಿಲ್. ಲೈಮನ್ ಏನಂದ? ಬೈದನೇ? ಬೈದಿದ್ದರೆ ತಡೆದುಕೋ, ನಾನು ಬಂದು ಅವನಿಗೆ ಎರಡು ಹಾಕುತ್ತೇನೆ.

ನಿನ್ನ,
ಬ್ರಿಜಿಡ್


ಟಾರ್ಬೆಲ್ ಮಿಲ್ಸ್
ಮಾರ್ಚ್ 1, 1975, ಶನಿವಾರ

ಪ್ರಿಯ ಬ್ರಿಜಿಡ್,

ಲೈಮನ್ ಬೈಯಲಿಲ್ಲ. ನಾನು ಹೇಳಿದ ದಿನ ಟೋಪಿ ಹಾಕಿಕೊಂಡು ಹೋದ. ನಾಲ್ಕು ವಾರ ಮುಖ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಸೇತುವೆಯ ಮೇಲೆ ನಡೆದು ಬಂದ, ಕೈಯಲ್ಲಿ ಒಂದು ಬಾಟಲಿ ಕೆನೆ. ಬೂಟು ಬಿಚ್ಚಿ ಒಲೆಯ ಪಕ್ಕ ಕೂತ.

"ನೀವೇ ಕತ್ತರಿಸಿ, ನೀವೇ ಕೆಟ್ಟದ್ದು ಅಂದ್ರಾ?"

"ಹೌದು."

"ನಲವತ್ತೊಂದೂ?"

"ನಲವತ್ತೊಂದೂ."

"ಒಂದೆರಡಾದ್ರೂ ಆಚೀಚೆ ಮಾಡೋಣ ಅನ್ನಿಸ್ಲಿಲ್ವಾ?"

"ಮೂವತ್ತು ಸಾಕಾಗಿತ್ತು ಲೈಮನ್. ಅನ್ನಿಸ್ತು."

ಅವನು ಒಲೆಗೆ ಒಂದು ಕೊರಡು ತುರುಕಿದ. "ನನಗೆ ನಾಲ್ಕು ವಾರ ಕೋಪ ಇತ್ತು. ಟ್ಯಾಂಕರ್ ಹತ್ತಿದ್ರೆ ಕೋಪ, ಇಳಿದ್ರೆ ಕೋಪ. ನಿನ್ನೆ ನಮ್ಮನೆಯವಳು ಅಂದ್ಳು: ಹಾಲಿನ ಗಾಡಿಯವನಿಗೆ ಇಷ್ಟು ಜನ ಹಾಕಿದ್ರೆ, ತನ್ನ ಕಡೆ ಓಟನ್ನೇ ಎಸೆದವ್ರಿಗೆ ಎಷ್ಟು ಜನ ಹಾಕ್ಬೇಡ? ರೀ ಮಿಸೆಸ್ ಪೋಲಾರ್ಡ್, ಮುಂದಿನ ಸಲ ನನ್ನ ಹೆಸರು ಬೇಡ. ನಿಮ್ಮದು ಹಾಕೋಣ. ಚೀಟಿ ಗೀಟಿ ಏನೂ ಬೇಡ. ಅಚ್ಚಾಗ್ಲಿ."

"ನಾನು ಮೇಜಿನ ಕೆಳಗೆ ಕದ್ದು ಕೆಲಸ ಮಾಡಿದವಳು. ಅದನ್ನೂ ಹೇಳ್ಬೇಕಾಗುತ್ತೆ."

"ಹೇಳಿ. ನೀವು ಹೇಳೋಕ್ ಮುಂಚೆ ಥ್ರಾಲ್ ಊರೆಲ್ಲ ಹೇಳಾಯ್ತು."

"ನನಗೆ ಭಾಷಣ ಬರಲ್ಲ."

"ಅಧ್ಯಯನ ಆಗ್ಬೇಕು ಅನ್ನೋಕೆ ಬರುತ್ತಾ?"

"ಇಲ್ಲ."

"ಹಾಗಾದ್ರೆ ಆಯ್ತು ಬಿಡಿ. ಡೆನಿಸ್ ಮೇಷ್ಟ್ರು ಸಹಿ ಲೆಕ್ಕ ಇಟ್ಕೊಳ್ತಾರಂತೆ. ಗಾಡಿ ನಾನು ಓಡಿಸ್ತೀನಿ."

ನಾನು ಯೋಚಿಸಬೇಕು ಎಂದೆ. ಅವನು ಕಾಫಿಗೆ ಅರ್ಧ ಬಾಟಲಿ ಕೆನೆ ಸುರಿದುಕೊಂಡು ಕುಡಿದು ಹೋದ.

ಮಧ್ಯಾಹ್ನವೆಲ್ಲ ಯೋಚಿಸಿದೆ. ಗೆಲ್ಲುವ ಬಗ್ಗೆ ಅಲ್ಲ. ಕುರ್ಚಿಯ ಬಗ್ಗೆ. ಥ್ರಾಲ್ ನನ್ನನ್ನು ಒಂದು ಎಣಿಕೆಯಿಂದ ಹೊರಗಿಟ್ಟಿದ್ದಾರೆ, ನ್ಯಾಯವೇ. ಅದಾದ ಮೇಲೆ ಮತ್ತೆ ಕೂರಬಹುದು ಎಂದಿದ್ದಾರೆ. ಪಕ್ಷದ ಪಟ್ಟಿಯಿಂದ ಹೆಸರು ತೆಗೆಸಿದರೆ ಮತ್ತೆ ಎಂದೂ ಇಲ್ಲ. ನಿನ್ನ ಎದುರಿಗೆ ಕೂರುವುದು, ಮೊದಲ ಪೆಟ್ಟಿಗೆಯ ಬೀಗ ತೆಗೆಯುವ ಸದ್ದು, ನೀನು ಪೆನ್ಸಿಲ್ ಚೂಪು ಮಾಡುವುದು, ಯಾವುದೂ ಇಲ್ಲ. ಅರವತ್ತಮೂರು ವರ್ಷಕ್ಕೆ ಅದೇನು ಸಣ್ಣದಲ್ಲ.

ಆದರೆ ಆ ಮೇಜಿನಲ್ಲಿ ನಾನು ಬೇರೆಯವರ ಗುರುತುಗಳನ್ನು ಓದಿದೆ, ನನ್ನದನ್ನು ಹಾಕಲಿಲ್ಲ. ಮುಂದಿನ ಸಲ ಮತಪತ್ರ ತೆರೆದವರಿಗೆ ಅಲ್ಲಿ ಮೂರು ಹೆಸರು ಕಾಣಲಿ. ನನಗೆ ಹಾಕದಿದ್ದರೂ ಪರವಾಗಿಲ್ಲ. ಖಾಲಿ ಬಿಡುವುದಕ್ಕೆ ಒಂದು ಕಾರಣ ಕಡಿಮೆಯಾಗಲಿ.

ನಿನ್ನ ಕುರ್ಚಿಯನ್ನು ನೀನು ಬಿಡಬೇಡ. ಯಾರಾದರೂ ಗಟ್ಟಿಯಾಗಿ ಓದುವವರು ಒಳಗಿರಬೇಕು. ನಾನು ಹೊರಗೆ ಬಾಗಿಲ ಬಳಿ ಇರುತ್ತೇನೆ. ನನ್ನ ಕಡೆಯದು ಏನಾದರೂ ಕೆಟ್ಟಿದ್ದರೆ ಕೆಟ್ಟದ್ದೆಂದೇ ಹೇಳು.

ಥ್ರಾಲ್‌ಗೆ ಪತ್ರ ಬರೆದಾಗಿದೆ, ಮೂರೇ ಸಾಲು: ಪಟ್ಟಿಯಿಂದ ಹೆಸರು ತೆಗೆಯಿರಿ, ಸಹಿ ಹಾಕಿಸುವ ನಮೂನೆಗಳನ್ನು ಕೊಡಿ, ವಂದನೆಗಳು. ಲಕೋಟೆ ಸಕ್ಕರೆ ಡಬ್ಬಿಯ ಕೆಳಗಿದೆ, ಈ ಪತ್ರವನ್ನೂ ಅದರ ಜೊತೆಗೇ ಇಡುತ್ತೇನೆ. ಅಂಚೆಯವನು ಸೋಮವಾರ ಹತ್ತೂವರೆಗೆ ಬರುತ್ತಾನೆ. ನಡುವೆ ಇಡೀ ಭಾನುವಾರ ಇದೆ, ನನ್ನನ್ನು ನಾನು ಬಲ್ಲೆ. ಆದ್ದರಿಂದ ಎರಡನ್ನೂ ದಾರದಿಂದ ಕಟ್ಟಿದ್ದೇನೆ. ಕೊಟ್ಟರೆ ಎರಡನ್ನೂ ಕೊಡಬೇಕು. ಇದು ನಿನ್ನ ಕೈಗೆ ಬಂದರೆ, ಅದೂ ಹೋಯಿತೆಂದು ತಿಳಿ.

ನಿನ್ನ,
ಹೆಸ್ಟರ್